ಸೊನ್ನೆ ಸೊನ್ನೆ ಒಂದು

ಗಂಗಲಕ್ಷ್ಮಮ್ಮನ ಮನೆಯಲ್ಲಿ ಪುಸ್ತಕ ಅಂತ ಇದ್ದದ್ದು ಒಂದೇ. ಅದು ಆಸ್ಪತ್ರೆಯ ಪುಸ್ತಕ. ನೀಲಿ ರಟ್ಟು, ಒಳಗೆ ಗೆರೆ ಹಾಕಿದ ಹಾಳೆಗಳು, ಒಂದೊಂದು ಹಾಳೆಯಲ್ಲೂ ಒಬ್ಬೊಬ್ಬ ಡಾಕ್ಟರ ಗೀಚು, ಕೆಳಗೊಂದು ನೇರಳೆ ಬಣ್ಣದ ಸೀಲು. ಮಗ ಸೀನನಿಗೆ ಹದಿನೆಂಟರಲ್ಲಿ ಫಿಟ್ಸ್ ಕಾಣಿಸಿಕೊಂಡಾಗ ಕೊಟ್ಟದ್ದು. ಈಗ ಅವನಿಗೆ ಇಪ್ಪತ್ತೇಳು. ನವರಾತ್ರಿಯಲ್ಲಿ ಸರಸ್ವತಿಯನ್ನು ಕೂರಿಸುವ ದಿನ ಬೀದಿಯ ಎಲ್ಲರ ಮನೆಯಲ್ಲೂ ಮಕ್ಕಳ ಪಠ್ಯಪುಸ್ತಕಗಳು ಮಣೆ ಏರಿದರೆ, ಕಾಮಾಕ್ಷಿಪಾಳ್ಯದ ಆ ಒಂದೂವರೆ ಕೋಣೆಯ ಮನೆಯಲ್ಲಿ ಮಣೆ ಏರುತ್ತಿದ್ದದ್ದು ಈ ನೀಲಿ ಪುಸ್ತಕ. ಮಗನನ್ನು ಎರಡು ಕಾಲ ಮೇಲೆ ನಿಲ್ಲಿಸಿರುವ ಅಕ್ಷರ ಅದರಲ್ಲಿದೆ, ಅದಕ್ಕಿಂತ ದೊಡ್ಡ ವಿದ್ಯೆ ಇನ್ನಾವುದು ಎಂಬುದು ಅವಳ ನಂಬಿಕೆ. ಅದಕ್ಕೇ ರಟ್ಟಿಗಷ್ಟೇ ಅರಿಶಿನ ಕುಂಕುಮ ಹಚ್ಚಿ ಬಿಡದೆ, ತೀರ ಈಚಿನ ಪುಟವನ್ನು ತೆರೆದು, ಅದಕ್ಕೂ ಕುಂಕುಮ ಹಚ್ಚಿ, ದೇವಿಯ ಕಣ್ಣಿಗೆ ಕಾಣುವ ಹಾಗೆ ಇಡುತ್ತಿದ್ದಳು.

ಹಾಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಸೋಮವಾರ ಇಟ್ಟಳು. ಸೀನ ಬೆಳಿಗ್ಗೆ, ರಾತ್ರಿ ನುಂಗುವ ಇನ್ನೊಂದು ಮಾತ್ರೆ ಸಾಕಷ್ಟಿತ್ತು; ರಾತ್ರಿ ಮಲಗುವಾಗ ಮಾತ್ರ ನುಂಗುವ ಸಣ್ಣ ಬಿಳಿ ಮಾತ್ರೆ ಆವತ್ತಿಗೆ ಮೂರು ಉಳಿದಿತ್ತು. ಸೋಮವಾರಕ್ಕೊಂದು, ಮಂಗಳವಾರಕ್ಕೊಂದು, ಬುಧವಾರಕ್ಕೊಂದು. ಗುರುವಾರ ಬೆಳಿಗ್ಗೆ ಪುಸ್ತಕ ಎತ್ತಿದರೆ ಸಂಜೆ ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ಮುಂದಿನ ತಿಂಗಳದ್ದು ತರಬಹುದು. ಡಾಕ್ಟರು ಮೂರು ತಿಂಗಳಿಗೆ ಬರೆದುಕೊಟ್ಟಿದ್ದರಲ್ಲಿ ಇನ್ನೂ ಒಂದು ತಿಂಗಳ ಬಾಕಿ ಇತ್ತು. ಅವಳ ಎಣಿಕೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತಪ್ಪಿದ್ದು ಕೈ. ಗುರುವಾರ ಕಳಶ ಕದಲಿಸುವಾಗ ಚೊಂಬು ಜಾರಿ, ನೀರೆಲ್ಲ ತೆರೆದ ಪುಟದ ಮೇಲೆ ಚೆಲ್ಲಿತು. ದಪ್ಪಗೆ ಹಚ್ಚಿದ್ದ ಕುಂಕುಮ ಕರಗಿ ಹರಿಯಿತು. ಸೆರಗಿನಲ್ಲಿ ಒತ್ತಿ ಒತ್ತಿ ತೆಗೆದು ನೋಡಿದರೆ, ಮಾತ್ರೆಯ ಹೆಸರು ಉಳಿದಿದೆ, ಅದರ ಕೆಳಗಿದ್ದ ತಾರೀಖು, ಡಾಕ್ಟರ ಸೀಲು, ಅವರ ನಂಬರು ಎಲ್ಲವೂ ರಕ್ತದ ಕಲೆಯ ಹಾಗೆ ಒಂದೇ ಕೆಂಪು. ರಟ್ಟಿನ ಮೇಲೆ ಇಂಕಿನಲ್ಲಿ ಬರೆದಿದ್ದ, ಆಸ್ಪತ್ರೆಯವರು ಸೀನನಿಗೆ ಕೊಟ್ಟಿದ್ದ ನಂಬರೂ ನೆನೆದು ಹರಡಿತ್ತು.

ಸಂಜೆ ಮೆಡಿಕಲ್ ಸ್ಟೋರಿನ ರಾಜೇಂದ್ರ ಆ ಪುಟವನ್ನು ಬೆರಳ ತುದಿಯಲ್ಲಿ ಹಿಡಿದು ಲೈಟಿಗೆ ಎತ್ತಿ ನೋಡಿದ.

"ಏನಮ್ಮ ಇದು, ಪುಸ್ತಕಕ್ಕೆ ಅಭಿಷೇಕ ಮಾಡಿದೀರಾ?"

"ನೀರು ಬಿತ್ತಪ್ಪ. ಮಾತ್ರೆ ಹೆಸರು ಕಾಣುತ್ತಲ್ಲ, ಕೊಡು."

"ಹೆಸರು ಕಾಣುತ್ತೆ. ಡೇಟ್ ಎಲ್ಲಿ? ಡಾಕ್ಟ್ರು ಸೀಲ್ ಎಲ್ಲಿ? ಇದು ಜ್ವರದ ಮಾತ್ರೆ ಅಲ್ಲಮ್ಮ ಕೇಳ್ದೋರಿಗೆಲ್ಲ ಕೊಡೋಕೆ. ರಿಜಿಸ್ಟರಲ್ಲಿ ಬರೀಬೇಕು. ಇನ್‌ಸ್ಪೆಕ್ಟರ್ ಬಂದು ಕೇಳಿದ್ರೆ ಕುಂಕುಮ ತೋರಿಸ್ಲಾ?"

ಹಿಂದೆ ನಿಂತಿದ್ದ ಒಬ್ಬ ಗಿರಾಕಿ ಕತ್ತು ಚಾಚಿ ನೋಡಿದ. "ಕೊಟ್‌ಬಿಡಿ ಸಾರ್. ಸರಸ್ವತೀನೇ ಬಂದು ಸೀಲ್ ಒತ್ತಿ ಹೋಗಿದಾಳೆ. ಅವಳಿಗಿಂತ ದೊಡ್ಡ ಡಾಕ್ಟ್ರು ಬೇಕಾ?"

ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ರಾಜೇಂದ್ರನೂ ನಕ್ಕ. ಗಂಗಲಕ್ಷ್ಮಮ್ಮನಿಗೆ ಕಿವಿಯ ಬುಡ ಬಿಸಿಯಾಯಿತು.

"ಐದು ವರ್ಷದಿಂದ ನಿನ್ನ ಕೈಯಿಂದಾನೇ ತಗೊಂಡು ಹೋಗ್ತಿದೀನಿ. ಹೋದ ತಿಂಗಳು ಇದೇ ಪುಟದ ಮೇಲೆ ನೀನೇ ಸೀಲ್ ಗುದ್ದಿದೀಯ. ನಿಂಗೊತ್ತಿಲ್ವಾ?"

"ನಂಗೊತ್ತು. ನಂಗೆ ಗೊತ್ತಿರೋದು ಕಾನೂನಿಗೆ ಗೊತ್ತಿಲ್ವಲ್ಲಮ್ಮ, ಏನ್ ಮಾಡ್ಲಿ?"

"ಎರಡೇ ಕೊಡು. ಇವತ್ತಿಗೊಂದು, ನಾಳೆಗೊಂದು."

"ಎರಡಾದ್ರೂ ಬರೀಬೇಕು, ಇಪ್ಪತ್ತಾದ್ರೂ ಬರೀಬೇಕು. ನಾಳೆ ಶುಕ್ರವಾರ, ನಿಮ್ ಡಾಕ್ಟ್ರು ಇರ್ತಾರಲ್ಲ, ಹೋಗಿ ಬರೆಸ್ಕೊಂಡು ಬನ್ನಿ." ಅಷ್ಟು ಹೇಳಿ ಅವನು ಆಗಲೇ ಪಕ್ಕದವನ ಕೈಯಲ್ಲಿದ್ದ ಚೀಟಿಗೆ ಕೈ ಚಾಚಿದ್ದ.

ಮನೆಯಲ್ಲಿ ಸೀನ ಇನ್ನೂ ಸಿಡಿದ. "ಅಮ್ಮ, ಅದು ಪುಸ್ತಕ ಅಲ್ಲ, ಔಷಧಿ ಚೀಟಿ! ಚೀಟಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ಪ್ರಪಂಚದಲ್ಲಿ ನೀನೊಬ್ಳೇ!"

"ಫೋನಲ್ಲಿ ಫೋಟೋ ಹಿಡ್ದಿದೀನಿ ಅಂದಿದ್ಯಲ್ಲೋ?"

"ಹಳೇ ಫೋನಲ್ಲಿತ್ತು. ಅದು ಕೆಟ್ಟು ಮೂಲೆ ಸೇರಿ ಎಷ್ಟು ದಿನ ಆಯ್ತು. ದೇವ್ರಿಗೆ ಓದೋಕೆ ಬೇರೇನೂ ಸಿಗ್ಲಿಲ್ವಾ ನಿಂಗೆ?"

ಅವಳು ತಡೆದುಕೊಂಡಿದ್ದು ಅಲ್ಲಿ ಕಿತ್ತುಕೊಂಡು ಬಂತು. "ನಿನ್ನೆ ನೀನು ಆ ಲೇತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು ಬಂದ್ಯಲ್ಲ, ಅದೇನು ದೇವರಾ? ನಿನ್ನ ಬೆರಳು ತಿಂದ ಮಿಷನ್ನು ಅದು! ಅದಕ್ಕೆ ಪೂಜೆ ಆಗಬಹುದು, ನಿನ್ನ ಉಳಿಸಿದ ಪುಸ್ತಕಕ್ಕೆ ಆಗಬಾರದಾ?"

ಸೀನ ಕೈ ಮಡಚಿ ಜೇಬಿಗೆ ಇಳಿಸಿದ. ಅವನ ಎಡಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. ಐದು ವರ್ಷದ ಹಿಂದೆ, ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಆ ಲೇತಿನ ಮುಂದೆ ನಿಂತಿದ್ದಾಗಲೇ ಫಿಟ್ಸ್ ಬಂದು ಹೋದವು ಅವು. ಆವತ್ತೂ ತಪ್ಪಿದ್ದು ಒಂದೇ ಒಂದು ರಾತ್ರಿಯ ಮಾತ್ರೆ. ಆ ಮೇಲೆ ಡಾಕ್ಟರು ಈ ಸಣ್ಣ ಬಿಳಿ ಮಾತ್ರೆ ಸೇರಿಸಿದರು. ಅಂದಿನಿಂದ ಒಂದು ಸಲವೂ ಬಿದ್ದಿಲ್ಲ.

"ನಾಳೆ ಕೆಲಸಕ್ಕೆ ಹೋಗಬೇಡ ಕಣೋ," ಎಂದಳು, ದನಿ ಇಳಿಸಿ.

"ಹಬ್ಬ ಆದ ಮೊದಲನೇ ದಿನ. ಹೋಗ್ದೇ ಇದ್ರೆ ಓನರ್ ಮಹದೇವಣ್ಣ ಏನಂದ್ಕೋತಾರೆ? ಒಂದು ರಾತ್ರಿ ತಾನೆ, ಬಿಡು," ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಅವನು ಎದ್ದದ್ದನ್ನು ನೋಡಿ, ಒಲೆಯ ಮೇಲೆ ಅವನಿಗೆ ಉಪ್ಪಿಟ್ಟು ಮುಚ್ಚಿಟ್ಟು, ಅವಳು ಬಸ್ ಹತ್ತಿದಳು. ಏಳು ಗಂಟೆಗೆ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಅವಳ ಹಿಂದೆ ನಿಂತಿದ್ದ ಮಲ್ಲತ್ತಹಳ್ಳಿಯ ಹೆಂಗಸು ಗಂಡನ ಲಕ್ವದ ಮಾತ್ರೆ ಬರೆಸಲು ಬಂದವಳು.

"ಅವೇ ನಾಲ್ಕು ಮಾತ್ರೆ ಅಕ್ಕ, ಏಳು ವರ್ಷದಿಂದ ಒಂದಕ್ಷರ ಬದಲಾಗಿಲ್ಲ," ಎಂದಳು ಆಕೆ. "ಆದ್ರೂ ಪ್ರತಿ ಸಲ ಬಂದು, ಬದುಕಿದಾರೆ ಸಾರ್ ಇನ್ನೂ, ಅಂತ ಹೇಳಿ ಹೋಗ್ಬೇಕು. ಸತ್ರೇ ಒಂದು ಸಲ ಬಂದ್ರೆ ಸಾಕಾಗುತ್ತೇನೋ."

ಒಂಬತ್ತಕ್ಕೆ ಕೌಂಟರು ತೆರೆಯಿತು. ಕಂಪ್ಯೂಟರಿನ ಹಿಂದೆ ಕೂತಿದ್ದವನು ಪುಸ್ತಕವನ್ನು ನೋಡಿದ್ದೇ ಗಾಜಿನ ಕೆಳಗಿನ ಕಿಂಡಿಯಿಂದ ವಾಪಸು ತಳ್ಳಿದ.

"ಡ್ಯಾಮೇಜ್ ಆಗಿದೆ. ನಂಬರ್ ಕಾಣ್ತಿಲ್ಲ. ಟೋಕನ್ ಬರಲ್ಲ."

"ಹೆಸರು ಹೇಳ್ತೀನಿ ಸಾಮಿ. ಫೋನ್ ನಂಬರ್ ಹೇಳ್ತೀನಿ."

"ನಂಬರ್ ಇಲ್ದೆ ಆಗಲ್ಲ. ರೆಕಾರ್ಡ್ ರೂಮಿಗೆ ಹೋಗಿ ಬರೆಸ್ಕೊಂಡು ಬನ್ನಿ. ಪೇಷಂಟ್ ಎಲ್ಲಿ?"

"ಕೆಲಸಕ್ಕೆ ಹೋಗಿದಾನೆ."

"ಪೇಷಂಟೂ ಇಲ್ಲ, ನಂಬರೂ ಇಲ್ಲ. ನಿಮಗೆ ಏನಂತ ಟೋಕನ್ ಕೊಡ್ಲಿ? ನೆಕ್ಸ್ಟ್!"

ರೆಕಾರ್ಡ್ ರೂಮು ಹಿಂದಿನ ಕಟ್ಟಡದಲ್ಲಿ, ಎರಡನೇ ಮಹಡಿಯಲ್ಲಿ. ಮಂಡಿ ಹಿಡಿದುಕೊಂಡು ಹತ್ತಿದಳು. ಬಾಗಿಲಿಗೆ ಮಾವಿನೆಲೆಯ ತೋರಣ, ಬೀಗಕ್ಕೆ ಅರಿಶಿನ ಕುಂಕುಮ, ಹೊಸ್ತಿಲ ಮೇಲೆ ಒಣಗಿದ ನಿಂಬೆಹಣ್ಣು. ಕಸ ಗುಡಿಸುತ್ತಿದ್ದವಳು, "ಕೀ ಇರೋರು ಊರಿಗೆ ಹೋಗವ್ರೆ, ಸೋಮವಾರ ಬರ್ತಾರೆ," ಎಂದಳು.

ಆ ಬೀಗದ ಮುಂದೆ ನಿಂತು ಗಂಗಲಕ್ಷ್ಮಮ್ಮ ಅದನ್ನೇ ನೋಡಿದಳು. ಇವರ ಬೀಗಕ್ಕೂ ಕುಂಕುಮ. ಇವರ ಕುಂಕುಮಕ್ಕೆ ಮಾಫಿ, ಅವಳ ಕುಂಕುಮಕ್ಕೆ ಸೋಮವಾರ. ಶುಕ್ರವಾರ, ಶನಿವಾರ, ಭಾನುವಾರ, ಮೂರು ರಾತ್ರಿ. ಇಷ್ಟು ಹೊತ್ತಿಗೆ ಅಲ್ಲಿ ಲೇತು ತಿರುಗಲು ಶುರುವಾಗಿರುತ್ತದೆ, ಎಂಟು ಬೆರಳಿನವನು ಅದರ ಮೇಲೆ ಬಗ್ಗಿರುತ್ತಾನೆ.

ಅವಳು ಜೀವನದಲ್ಲಿ ಮನೆಯ ಹೊರಗೆ ಯಾರೆದುರೂ ದನಿ ಎತ್ತಿದವಳಲ್ಲ. ಅಪ್ಪ ಬೆಟ್ಟಯ್ಯ ಅವಳಿಗೆ ಕಲಿಸಿದ್ದು ಕೂತು ಕೇಳುವುದನ್ನು. ಶ್ರಾವಣದಲ್ಲಿ ಕುರುಬರಹಳ್ಳಿಯ ಗುಡಿಯ ಜಗಲಿಯಲ್ಲಿ ಒಬ್ಬರು ರಾಗವಾಗಿ ಪದ್ಯ ಓದುವರು, ಇನ್ನೊಬ್ಬರು ಅರ್ಥ ಬಿಡಿಸುವರು. ಅಪ್ಪನಿಗೂ ಓದು ಬರುತ್ತಿರಲಿಲ್ಲ, ಮಗಳಿಗೂ ಬರಲಿಲ್ಲ. ಮೂರು ಸಲ ಕೇಳಿದ್ದು ಒಳಗೆ ಕೂರುತ್ತದೆ ಎನ್ನುತ್ತಿದ್ದ ಅಪ್ಪ. ನಿಜಕ್ಕೂ ಕೂರುತ್ತಿತ್ತು. ಆಸ್ಪತ್ರೆಯ ಪುಸ್ತಕದ ವಿಷಯದಲ್ಲೂ ಅವಳು ಮಾಡಿದ್ದು ಅದನ್ನೇ. ಡಾಕ್ಟರು ಹೊಸದಾಗಿ ಏನು ಬರೆದರೂ ಸೀನ ಅದನ್ನು, ಬೆಳಿಗ್ಗೆ ಮಧ್ಯಾಹ್ನ ರಾತ್ರಿಗೆ ಎಷ್ಟೆಷ್ಟು ಎಂಬ ಮೂರು ಅಂಕಿಯ ಸಮೇತ, ಮೂರು ಸಲ ಗಟ್ಟಿಯಾಗಿ ಓದಬೇಕು, ಅವಳು ಕಣ್ಣು ಮುಚ್ಚಿ ಕೇಳಬೇಕು. ಒಂಬತ್ತು ವರ್ಷದ ಒಂದು ಪುಟವೂ ಬಿಟ್ಟುಹೋಗಿರಲಿಲ್ಲ.

ಅವಳು ಮೆಟ್ಟಿಲು ಇಳಿದಳು. ಕೌಂಟರಿನ ಕಡೆ ನೋಡಲಿಲ್ಲ. ಡಾಕ್ಟರ ಬಾಗಿಲಿಗೆ ಹೋದಳು. ಕಾವಲಿನವನು ಕೈ ಅಡ್ಡ ಹಿಡಿದ.

"ಟೋಕನ್ ಎಲ್ಲಿ ಅಜ್ಜಿ?"

"ಕೈ ತೆಗಿ," ಎಂದಳು. ಆ ದನಿ ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಅವನು ಕೈ ತೆಗೆದ.

ಒಳಗಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರು, ಕೋಟಿನ ಮೇಲೆ ಚೇತನಾ ಎಂದು ಹೆಸರಿನ ಪಟ್ಟಿ. ಅದನ್ನು ಗಂಗಲಕ್ಷ್ಮಮ್ಮ ಓದಲಾರಳು. ನರ್ಸು ಕರೆದದ್ದರಿಂದ ತಿಳಿಯಿತು. ಎದುರಿಗಿದ್ದ ಪೇಷಂಟು ಎದ್ದು ಹೋಗುತ್ತಿದ್ದ.

"ಯಾರು ಬಿಟ್ಟಿದ್ದು ಇವ್ರನ್ನ? ಅಮ್ಮ, ಟೋಕನ್ ತಗೊಂಡು ಬನ್ನಿ," ಎಂದಳು ಚೇತನಾ.

"ಟೋಕನ್ ಕೊಡಲ್ಲ ಅಂದ್ರು. ಪುಸ್ತಕ ನೆಂದಿದೆ. ನಂಬರ್ ಅಳಿಸಿದೆ. ರೆಕಾರ್ಡ್ ರೂಮಿಗೆ ಬೀಗ. ಸೋಮವಾರ ಬಾ ಅಂತಾರೆ. ಫಿಟ್ಸು ಸೋಮವಾರದವರೆಗೆ ಕಾಯುತ್ತಾ ಡಾಕ್ಟ್ರಮ್ಮ?"

ಚೇತನಾ ಪುಸ್ತಕ ತೆಗೆದುಕೊಂಡು ನೋಡಿ ಹುಬ್ಬು ಗಂಟಿಕ್ಕಿದಳು. "ಇದರಲ್ಲಿ ಯಾರು ಯಾವಾಗ ಬರೆದಿದ್ದು ಅಂತಾನೇ ಗೊತ್ತಾಗ್ತಿಲ್ಲ. ಹಿಂದಿನ ಪುಟಗಳೂ ಅಂಟ್ಕೊಂಡಿವೆ. ನಾನು ಹೇಗೆ..."

"ಬರ್ಕೊಳ್ಳಿ. ನಾನು ಹೇಳ್ತೀನಿ."

ಅವಳು ನಿಂತಲ್ಲೇ ಕಣ್ಣು ಮುಚ್ಚಿದಳು. ಕೋಪದಲ್ಲಿ ಎದೆ ಏರಿಳಿಯುತ್ತಿತ್ತು. ಮಾತು ಮಾತ್ರ ಹದವಾಗಿ, ಒಂದರ ಹಿಂದೆ ಒಂದು, ತಾಳ ಹಿಡಿದಂತೆ ಬಂತು.

"ಹೆಸರು ಸೀನ. ಮೊದಲನೇ ಫಿಟ್ಸು ಹದಿನೆಂಟನೇ ವಯಸ್ಸು, ಯುಗಾದಿ ಆದ ಮೂರನೇ ದಿನ. ಫೆನಿಟಾಯಿನ್ ನೂರು, ಒಂದು ಸೊನ್ನೆ ಎರಡು. ಹದಿನಾಲ್ಕು ತಿಂಗಳು. ವಸಡು ಊದಿತು, ರಕ್ತ ಬಂತು, ನಿಲ್ಲಿಸಿದ್ರು. ವಾಲ್ಪ್ರೋಯೇಟ್ ಮುನ್ನೂರು, ಒಂದು ಸೊನ್ನೆ ಒಂದು. ಎರಡು ಸಲ ಬಿದ್ದ, ದೀಪಾವಳಿ ಮುಂದೆ ಒಂದು, ಸಂಕ್ರಾಂತಿ ಹಿಂದೆ ಒಂದು. ವಾಲ್ಪ್ರೋಯೇಟ್ ಐನೂರು ಮಾಡಿದ್ರು, ಒಂದು ಸೊನ್ನೆ ಒಂದು. ಆಮೇಲೆ ಲೇತ್ ಮೇಲೆ ಬಿದ್ದ. ಎಡಗೈ, ಎರಡು ಬೆರಳು. ಕ್ಲೋಬಜಾಮ್ ಐದು, ಸೊನ್ನೆ ಸೊನ್ನೆ ಒಂದು. ಎರಡು ತಿಂಗಳಿಗೆ ಕ್ಲೋಬಜಾಮ್ ಹತ್ತು, ಸೊನ್ನೆ ಸೊನ್ನೆ ಒಂದು. ವರ್ಷಕ್ಕೊಂದ್ಸಲ ಲಿವರ್ ಟೆಸ್ಟು, ಐದು ಸಲ, ಐದೂ ನಾರ್ಮಲ್. ಐದು ವರ್ಷದಿಂದ ಬಿದ್ದಿಲ್ಲ. ಸೊನ್ನೆ ಸೊನ್ನೆ ಒಂದು. ನಿನ್ನೆ ರಾತ್ರಿ ಆ ಒಂದು ಇಲ್ಲ. ನಿನ್ನೆ ಸೊನ್ನೆ ಸೊನ್ನೆ ಸೊನ್ನೆ."

ನರ್ಸು ಕೈಯಲ್ಲಿದ್ದ ಫೈಲನ್ನು ಹಾಗೇ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ಕಾವಲಿನವನ ಹಿಂದೆ ಮಲ್ಲತ್ತಹಳ್ಳಿಯ ಹೆಂಗಸಿನ ಮುಖ ಇಣುಕುತ್ತಿತ್ತು. ಚೇತನಾ ಕಂಪ್ಯೂಟರಿನ ಕಡೆ ತಿರುಗಿ ಹೆಸರು ಕೇಳಿದಳು, ಫೋನ್ ನಂಬರು ಕೇಳಿದಳು, ಏನೋ ಒತ್ತಿದಳು, ಓದುತ್ತಾ ಹೋದಳು. ಅವಳ ಮುಖ ಅರಳಿತು.

"ಎಲ್ಲಾ ಕರೆಕ್ಟಾಗಿದೆ! ಇದರಲ್ಲಿ ಈಚಿನ ನಾಲ್ಕು ವರ್ಷದ್ದೇ ಇರೋದು, ನೀವು ಒಂಬತ್ತು ವರ್ಷದ್ದು ಹೇಳಿದ್ರಿ. ಹೇಗಮ್ಮ ಇಷ್ಟೊಂದು ನೆನಪಿಟ್ಕೊಂಡಿದೀರಾ? ಸೂಪರ್ ನೀವು!"

ಗಂಗಲಕ್ಷ್ಮಮ್ಮ ಕಣ್ಣು ಬಿಟ್ಟಳು. "ಆ ಡಬ್ಬದಲ್ಲಿ ಇದೆಯಾ ಇದೆಲ್ಲ?"

"ಹೂಂ, ಇದೆಯಲ್ಲ."

"ಹೆಸರು ಹೇಳಿದ್ರೆ ಬರುತ್ತಾ?"

"ಹೆಸರು, ಫೋನ್ ನಂಬರ್ ಹಾಕಿದ್ರೆ ಬರುತ್ತೆ."

"ಬೆಳಿಗ್ಗೆಯಿಂದಾನೂ ಇತ್ತಾ?"

ಚೇತನಾ ಕಂಪ್ಯೂಟರಿನ ಕಡೆ ನೋಡಿದಳು.

"ಅಲ್ಲಿ ಗಾಜಿನ ಹಿಂದೆ ಕೂತಿದಾನಲ್ಲ ಒಬ್ಬ, ಅವನ ಮುಂದೇನೂ ಇಂಥದ್ದೇ ಡಬ್ಬ ಇದೆ. ಹೆಸರು ಹೇಳ್ತೀನಿ ಅಂದೆ, ಫೋನ್ ನಂಬರ್ ಹೇಳ್ತೀನಿ ಅಂದೆ. ಎರಡು ಬೆರಳು ಆಡಿಸಿದ್ರೆ ಆಗ್ತಿತ್ತು. ಅವನಿಗೆ ಹತ್ತೂ ಇದೆ! ನನ್ನ ಮಗನಿಗೆ ಎಂಟು ಉಳಿದಿರೋದು, ಆ ಎಂಟನ್ನ ಹಿಡ್ಕೊಂಡು ಅವನು ಈಗ ಮಿಷನ್ ಮುಂದೆ ನಿಂತಿದಾನೆ. ನನ್ನ ಹತ್ರ ಹಾಡು ಹೇಳಿಸಿ ಸೂಪರ್ ಅಂತೀರಲ್ಲ, ನಾನು ಪರೀಕ್ಷೆ ಪಾಸ್ ಮಾಡೋಕೆ ಬಂದಿದೀನಾ ಇಲ್ಲಿ?"

ಚೇತನಾ ತಲೆ ಬಗ್ಗಿಸಿ ಡ್ರಾಯರಿನಿಂದ ಹೊಸ ಪುಸ್ತಕ ತೆಗೆದು ಬರೆಯತೊಡಗಿದಳು. ಮೂರು ತಿಂಗಳಿಗೆ ಬರೆದಳು. ಸೀಲು ಒತ್ತಿದಳು, ಮಸುಕಾಯಿತೆಂದು ಪಕ್ಕದಲ್ಲಿ ಇನ್ನೊಂದು ಒತ್ತಿದಳು.

"ಹೋದ ತಕ್ಷಣ ಒಂದು ಕೊಡಿ. ರಾತ್ರಿದು ರಾತ್ರಿಗೆ. ಇವತ್ತು, ನಾಳೆ ಮಿಷನ್ ಹತ್ರ ನಿಲ್ಲೋದು ಬೇಡ. ಒಂದು ಜೆರಾಕ್ಸ್ ಮಾಡಿಸಿಟ್ಕೊಳ್ಳಿ ಅಮ್ಮ. ಮತ್ತೆ ಇದಕ್ಕೆ ಕುಂಕುಮ ಹಚ್ಚಬೇಡಿ," ಎಂದು ನಗಲು ನೋಡಿದಳು.

"ಅದು ನನ್ನ ತಪ್ಪು. ಒಪ್ಕೊಂಡಿದೀನಿ. ನಿಮ್ಮದನ್ನ ನೀವು ಒಪ್ಕೊಳ್ಳಿ," ಎಂದು ಗಂಗಲಕ್ಷ್ಮಮ್ಮ ಪುಸ್ತಕ ತೆಗೆದುಕೊಂಡಳು.

ಹೊರಗೆ ಬಂದಾಗ ಡಾಕ್ಟರು ನರ್ಸನ್ನು ಕೌಂಟರಿಗೆ ಕಳಿಸುತ್ತಿರುವುದು ಕೇಳಿಸಿತು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ವಾಲ್ಪ್ರೋಯೇಟ್ ಸಿಕ್ಕಿತು. ಸಣ್ಣ ಬಿಳಿ ಮಾತ್ರೆ ಎಂದಿನಂತೆ ಸ್ಟಾಕ್ ಇರಲಿಲ್ಲ. ಎದುರಿನ ಮೆಡಿಕಲ್ ಸ್ಟೋರಿನವನು ಸೀಲು ನೋಡಿದ, ರಿಜಿಸ್ಟರಿನಲ್ಲಿ ಬರೆದ, ಕೊಟ್ಟ. ಒಂದು ನಿಮಿಷವೂ ಹಿಡಿಯಲಿಲ್ಲ. ಆ ಒಂದು ನಿಮಿಷವನ್ನು ನೆನೆದು ಸುಂಕದಕಟ್ಟೆ ಬಸ್ಸಿನಲ್ಲಿ ಕೂತು ಅವಳು ದಾರಿಯುದ್ದಕ್ಕೂ ಹಲ್ಲು ಕಚ್ಚಿದಳು. ಮಾಗಡಿ ರಸ್ತೆಯ ಪ್ರತಿ ಸಿಗ್ನಲ್ಲಿನಲ್ಲೂ ಬಸ್ಸು ನಿಂತಿತು. ಅವಳ ಮುಷ್ಟಿಯಲ್ಲಿದ್ದ ಸ್ಟ್ರಿಪ್ಪು ಬೆವರಿನಿಂದ ಒದ್ದೆಯಾಯಿತು.

ಸ್ಟಾಪಿನಲ್ಲಿ ಇಳಿದವಳು ಮನೆಯ ಕಡೆ ಹೋಗಲಿಲ್ಲ. ನೇರ ವರ್ಕ್‌ಶಾಪಿಗೆ ನಡೆದಳು. ತಗಡಿನ ಶೀಟಿನ ಕೆಳಗೆ ನಾಲ್ಕು ಲೇತು, ನಾಲ್ಕೂ ತಿರುಗುತ್ತಿದ್ದವು. ಕೊನೆಯದರ ಮುಂದೆ ಸೀನ ನಿಂತಿದ್ದ. ಬಿದ್ದಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮರುಕ್ಷಣವೇ ಕೋಪ ವಾಪಸು ಬಂತು.

"ಮಹದೇವಪ್ಪ, ಆ ಮಿಷನ್ ನಿಲ್ಸು!"

ಮಾಲೀಕ ಮಹದೇವ್ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಎದ್ದು ಬಂದ. "ಏನಮ್ಮ, ಕೆಲಸದ ಹೊತ್ತಲ್ಲಿ ಹೀಗೆ ಬಂದು ಕೂಗಿದ್ರೆ..."

"ಇವನು ನಿನ್ನೆ ರಾತ್ರಿ ಮಾತ್ರೆ ತಗೊಂಡಿಲ್ಲ. ಹೇಳಿದ್ನಾ ನಿಂಗೆ?"

ಮಹದೇವ್ ಸೀನನ ಮುಖ ನೋಡಿದ. ಐದು ವರ್ಷದ ಹಿಂದೆ ಆ ಕೈಯನ್ನು ಟವೆಲಿನಲ್ಲಿ ಸುತ್ತಿ ಆಟೋದಲ್ಲಿ ಕರೆದೊಯ್ದವನು ಅವನೇ. ಹೋಗಿ ಸ್ವಿಚ್ಚು ಒತ್ತಿದ. ಲೇತು ಗುಂಯ್ಯೆಂದು ನಿಧಾನವಾಗಿ ನಿಂತಿತು. ಅದರ ತಲೆಯ ಮೇಲೆ ಮೊನ್ನೆಯ ಚೆಂಡುಹೂವಿನ ಹಾರ ಬಾಡಿತ್ತು, ಹಿಡಿಯ ಮೇಲೆ ಕುಂಕುಮ ಹಸಿಯಾಗಿ ಎಣ್ಣೆಗೆ ಅಂಟಿತ್ತು.

"ಲೋ, ನೀನು ಬುದ್ಧಿ ಇರೋನೇನೋ?" ಎಂದ ಮಹದೇವ್. "ಹೇಳಿದ್ರೆ ನಾನು ಬೇಡ ಅಂತಿದ್ನಾ? ಇವತ್ತು, ನಾಳೆ ಪ್ಯಾಕಿಂಗಲ್ಲಿ ಕೂತ್ಕೋ. ಮಿಷನ್ ಮುಟ್ಟಿದ್ರೆ ಕಾಲು ಮುರೀತೀನಿ."

"ಅಮ್ಮ, ಎಲ್ರ ಮುಂದೆ ಮಾನ ತೆಗಿತೀಯಲ್ಲ," ಎಂದು ಸೀನ ಗೊಣಗಿದ.

"ಮಾನ ಹೋಗ್ಲಿ. ಬೆರಳು ಇರ್ಲಿ. ಬಾಯಿ ತೆಗಿ."

ಅವನು ಬಾಟಲಿಯ ನೀರು ಗಟಗಟ ಕುಡಿದು ಮಾತ್ರೆ ನುಂಗಿದ. ಗಂಟಲು ಏರಿ ಇಳಿದದ್ದನ್ನು ಅವಳು ನೋಡಿದಳು. ಆಮೇಲೆ ಸೆರಗಿನೊಳಗಿಂದ ಹೊಸ ಪುಸ್ತಕ ತೆಗೆದು ಅವನ ಎದೆಗೆ ಒತ್ತಿದಳು.

"ಓದು."

"ಇಲ್ಲಾ? ಮನೇಲಿ ಓದ್ತೀನಿ ಬಿಡಮ್ಮ."

"ಇಲ್ಲೇ ಓದು."

ಉಳಿದ ಮೂರು ಲೇತುಗಳ ಸದ್ದಿನ ನಡುವೆ ಸೀನ ಓದಿದ. ವಾಲ್ಪ್ರೋಯೇಟ್ ಐನೂರು, ಒಂದು ಸೊನ್ನೆ ಒಂದು. ಕ್ಲೋಬಜಾಮ್ ಹತ್ತು, ಸೊನ್ನೆ ಸೊನ್ನೆ ಒಂದು. ಮೂರು ತಿಂಗಳು. ತಾರೀಖು. ಡಾಕ್ಟರ ನಂಬರು. ಪುಸ್ತಕದ ನಂಬರು. ಇಲ್ಲಿಯವರೆಗೆ ಅವಳು ಈ ನಂಬರುಗಳನ್ನು ಕಲಿತಿರಲಿಲ್ಲ, ಮಾತ್ರೆಗಳನ್ನಷ್ಟೇ ಕಲಿತಿದ್ದಳು. ಈ ಸಲ ಒಂದೊಂದು ಅಂಕಿಯನ್ನೂ ತುಟಿ ಅಲುಗಿಸಿ ಹಿಡಿದಳು.

"ಇನ್ನೊಂದ್ಸಲ."

ಓದಿದ.

"ಗಟ್ಟಿಯಾಗಿ ಓದೋ, ಕೇಳಿಸ್ತಿಲ್ಲ! ಇನ್ನೊಂದ್ಸಲ."